ಪುರ್ಸು ಗಾಳ ಎಳೆದ ಕತೆ

ಹತ್ತಿರ ಸರಿದು ಕೂರಿ, ಹೇಳುತ್ತೇನೆ. ಬುದ್ಧಿ ಹಂಚುವ ದಿನ ಸಾಲಿನಲ್ಲಿ ನಿಲ್ಲು ಎಂದರೆ, ಸಾಲು ಕರಗಿ ಎಲ್ಲರೂ ಮನೆಗೆ ಹೋದ ಮೇಲೂ ನಿಂತೇ ಇದ್ದವನ ಕತೆ ಇದು.

ಕುಮಟೆಯ ಕಡೆ ಕಡಲಂಚಿಗೆ ಬೆಳ್ಳಕ್ಕಿಕೇರಿ ಅಂತ ಒಂದು ಊರು. ಅಲ್ಲಿ ಒಣಮೀನು ಮಾರುವ ಬುದ್ವಂತಿ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ. ಒಬ್ಬನೇ ಮಗ, ಪುರ್ಸು, ಮೂವತ್ತೊಂದು ವರ್ಷ. ಅಮ್ಮನ ಹೆಸರಿನಲ್ಲಿದ್ದ ಬುದ್ಧಿ ಮಗನ ತಲೆಗೆ ಇಳಿಯಲಿಲ್ಲ. ಹಾಗಂತ ಅವನು ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಮಾಡುತ್ತಿದ್ದ, ಅಷ್ಟೇ. ತೊಂದರೆ ಇದ್ದದ್ದೂ ಅದರಲ್ಲೇ. "ಅನ್ನ ಉಕ್ಕಿದರೆ ಕೂಗು" ಎಂದು ಹೇಳಿ ಅವಳು ಹಿತ್ತಲಿಗೆ ಹೋದರೆ, ಅನ್ನ ಉಕ್ಕಿ ಒಲೆ ಆರುವವರೆಗೂ ಪಕ್ಕದಲ್ಲಿ ನಿಂತು ಹುಂಜದ ಹಾಗೆ ಕೂಗುತ್ತಿದ್ದ.

"ನಿನ್ನನ್ನು ಹೆತ್ತು ನನ್ನ ಆಯಸ್ಸು ಅರ್ಧ ಆಯ್ತು ಮಾರಾಯ" ಅನ್ನುತ್ತಿದ್ದಳು ಬುದ್ವಂತಿ.

"ಇನ್ನರ್ಧ ಎಲ್ಲಿದೆ ಅಮ್ಮಾ?" ಅನ್ನುತ್ತಿದ್ದ ಪುರ್ಸು. ಹುಡುಕಿ ಕೊಡುವ ಮನಸ್ಸು ಅವನಿಗೆ.

ವಾರಕ್ಕೊಂದು ದಿನ ಮಾತ್ರ ಬುದ್ವಂತಿಗೆ ನೆಮ್ಮದಿ. ಭಾನುವಾರ ಪುರ್ಸು ಗಾಳದ ಕೋಲು ಹಿಡಿದು ಮುದುಕಿಕಲ್ಲಿಗೆ ಹೋಗುತ್ತಿದ್ದ. ಅದು ಸಮುದ್ರಕ್ಕೆ ಚಾಚಿದ ಕರೀ ಬಂಡೆ. ಅಲ್ಲಿಗೆ ಇನ್ನಿಬ್ಬರು ಬರುತ್ತಿದ್ದರು. ಒಬ್ಬರು ಹಿಂದಿ ಕಲಿಸಿ ನಿವೃತ್ತರಾದ ಭಂಡಾರಿ ಮಾಸ್ತರು, ಇನ್ನೊಬ್ಬ ಅಂಚೆ ಹಂಚಿ ನಿವೃತ್ತನಾದ ಇನಾಸ. ಮೀನು ಹಿಡಿದೇ ಹೊಟ್ಟೆ ಹೊರೆಯಬೇಕಾದವರು ಮೂವರಲ್ಲಿ ಯಾರೂ ಅಲ್ಲ. ಗಾಳ ಹಾಕಿ ಕೂರುವುದು, ನೀರು ನೋಡುವುದು, ಸಂಜೆಗೆ ಎದ್ದು ಹೋಗುವುದು.

ಹೀಗಿರುವಾಗ ಒಂದು ದಿನ ಮೀನುಗಾರಿಕೆ ಕಚೇರಿಯವರು ಬಂದರು. ಮುದುಕಿಕಲ್ಲಿನ ಬುಡದಲ್ಲಿ ಮೀನುಗಳು ಮೊಟ್ಟೆ ಇಡುತ್ತವಂತೆ, ಇನ್ನು ಆ ನೀರು ಸಂರಕ್ಷಿತ ವಲಯವಂತೆ. ನಾಲ್ಕು ಹಳದಿ ಡ್ರಮ್ಮುಗಳನ್ನು ನೀರಿನಲ್ಲಿ ತೇಲಿಬಿಟ್ಟು, ಕಲ್ಲು ಕಟ್ಟಿ ನಿಲ್ಲಿಸಿ, ಇದೇ ಗಡಿ ಅಂದರು. ದಡದಲ್ಲಿ ಒಬ್ಬ ಕಾವಲಿನವನನ್ನೂ ಇಟ್ಟರು.

ಭಾನುವಾರ ಮೂವರೂ ಬಂದರೆ ಕಾವಲಿನವನು ಕೈ ಅಡ್ಡ ಹಿಡಿದ. "ಗಡಿಯ ಒಳಗೆ ಗಾಳ ಹಾಕುವಂತಿಲ್ಲ. ಹಾಕುವುದಿದ್ದರೆ ಗಡಿಯ ಹೊರಗೆ ಹಾಕಿ."

ಮಾಸ್ತರು ಮುಖ ಸಣ್ಣ ಮಾಡಿಕೊಂಡರು. ಡ್ರಮ್ಮಿನ ಆಚೆ ಗಾಳ ಹಾಕಬೇಕಾದರೆ ದೋಣಿ ಬೇಕು, ದೋಣಿ ಎಲ್ಲಿಂದ ತರುವುದು? ಇನಾಸನೂ ಕೋಲಿಗೆ ದಾರ ಸುತ್ತಿಟ್ಟ. ಪುರ್ಸು ಮಾತ್ರ ಯೋಚಿಸಿದ. ಮುಂದಿನ ನೀರೆಲ್ಲ ಗಡಿಯ ಒಳಗೆ. ಹಾಗಾದರೆ ಹಿಂದಿನದೆಲ್ಲ ಹೊರಗೆ. ಬಂಡೆಯ ಮೇಲೆ ಕೂತು, ಸಮುದ್ರಕ್ಕೆ ಬೆನ್ನು ಹಾಕಿ, ದಡದ ಕಡೆಗೆ ಗಾಳ ಬೀಸಿದ.

ದಡದಲ್ಲಿ ನೆರೆಮನೆಯ ತುಳಸು ಸೀರೆ ಒಣಹಾಕಿದ್ದಳು. ಗಾಳ ಹೋಗಿ ಸೆರಗಿಗೆ ಕಚ್ಚಿತು. ಗಾಳಿಗೆ ಸೀರೆ ಹಾರಿತು, ದಾರ ಜಗ್ಗಿತು. ಪುರ್ಸು ಎಳೆಯಲಿಲ್ಲ. ಸುಮ್ಮನೆ ಕೂತ. ಸೀರೆ ಹರಿದ ಮೇಲೆ ತುಳಸು ದಾರ ಹಿಡಿದುಕೊಂಡೇ ಬಂಡೆಯವರೆಗೆ ಬಂದಳು.

"ನನ್ನ ಸೀರೆ ನಿನಗೆ ಬಂಗುಡೆ ಮೀನಿನ ಹಾಗೆ ಕಂಡಿತನಾ?"

"ನನಗೆ ಕಾಣಲಿಲ್ಲ ತುಳಸಕ್ಕ, ಗಾಳಕ್ಕೆ ಕಂಡಿತು."

ಮನೆಯಲ್ಲಿ ಬುದ್ವಂತಿ ತಲೆ ಚಚ್ಚಿಕೊಂಡಳು. "ಮರುಳು ಮುಂಡೇದೆ, ಗಾಳ ಹಾಕುವುದು ನೀರಿಗೆ. ನೀರು ಎಲ್ಲಿದೆ ನೋಡಿ ಹಾಕಬೇಕು."

"ಆಯ್ತು ಅಮ್ಮಾ, ಇನ್ನು ಹಾಗೇ ಮಾಡ್ತೆ."

ಮರುವಾರ ಗಡಿಯ ಹೊರಗೆ ನೀರು ಎಲ್ಲಿದೆ ಎಂದು ಹುಡುಕಿದ. ತುಳಸುವಿನ ಬಾವಿಯಲ್ಲಿ ಬೇಕಾದಷ್ಟಿತ್ತು. ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು, ಗಾಳ ಹಾಕಿ ಕೂತ. ತುಳಸು ಕೊಡಪಾನ ಹಿಡಿದು ಬಂದರೆ ಬಾಯಿಗೆ ಬೆರಳಿಟ್ಟು, "ಸದ್ದು ಮಾಡಬೇಡ, ಮೀನು ಹೆದರ್ತವೆ" ಅಂದ. ಕೊಡ ಅವನ ಬೆನ್ನಿನ ಮೇಲೆ ಬಿತ್ತು.

"ಬಾವಿಯಲ್ಲಿ ಮೀನಿರ್ತದನಾ?" ಅಂದಳು ಬುದ್ವಂತಿ, ಬೆನ್ನಿಗೆ ಎಣ್ಣೆ ತಿಕ್ಕುತ್ತಾ. "ನೀರಿದ್ದರೆ ಸಾಲದು. ಮೀನು ಎಲ್ಲಿದೆ ನೋಡಿ ಗಾಳ ಹಾಕಬೇಕು."

"ಆಯ್ತು ಅಮ್ಮಾ, ಇನ್ನು ಹಾಗೇ ಮಾಡ್ತೆ."

ಅದರ ಮುಂದಿನ ಭಾನುವಾರ ಪುರ್ಸು ಸೀದಾ ಮೀನುಪೇಟೆಗೆ ಹೋದ. ಅಲ್ಲಿ ಮೀನೋ ಮೀನು. ಕಟ್ಟೆ ಹತ್ತಿ, ಜನರ ತಲೆ ತಪ್ಪಿಸಿ, ಒಬ್ಬಳ ಬುಟ್ಟಿಗೆ ಗಾಳ ಬೀಸಿ, ಕಣ್ಣು ಅರ್ಧ ಮುಚ್ಚಿ ಕೂತ. ಬುಟ್ಟಿಯವಳು ಒಂದು ಇಸವಣ ಮೀನು ಎತ್ತಿ ಗಿರಾಕಿಗೆ ಕೊಟ್ಟಳು. ಗಿರಾಕಿ ಚೀಲಕ್ಕೆ ಹಾಕಿಕೊಂಡು ಹೊರಟ. ದಾರವೂ ಹೊರಟಿತು. ಕೋಲೂ ಹೊರಟಿತು. ಕೋಲು ಬಿಡು ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ಪುರ್ಸುವೂ ಹಿಂದೆಯೇ ಹೊರಟ. ಆ ಗಿರಾಕಿ ಬಸ್ಸು ಹತ್ತುವವ. ಪುರ್ಸು ಅಂಕೋಲೆಯಿಂದ ತಿರುಗಿ ಬಂದದ್ದು ಮರುದಿನ.

ಬುದ್ವಂತಿ ಅತ್ತೇಬಿಟ್ಟಳು. ಸೀರೆಗೂ ಬಾವಿಗೂ ಅತ್ತವಳಲ್ಲ. ಈ ಮಗ ಒಂದು ಕಡೆ ಸುರಕ್ಷಿತವಾಗಿ ಕೂರುವ ಜಾಗ ಭೂಮಿಯ ಮೇಲೆ ಇದ್ದದ್ದು ಅದೊಂದೇ ಬಂಡೆ. ಅದೂ ಹೋದರೆ ತಾನು ಸತ್ತ ಮೇಲೆ ಇವನು ಎಲ್ಲಿ ಕೂರುತ್ತಾನೆ?

ಅಷ್ಟರಲ್ಲಿ ಮಾಸ್ತರು ಸುದ್ದಿ ತಂದರು. ಗಡಿ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಕಚೇರಿಯಿಂದ ಮೃಣಾಲಿನಿ ಅಂತ ಒಬ್ಬರು ಮೇಡಂ ಬರುತ್ತಾರೆ, ಗಾಳದವರ ಅಹವಾಲು ಕೇಳುತ್ತಾರೆ. "ಪುರ್ಸು, ನೀನೂ ಬರಬೇಕು. ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಹೆಚ್ಚಿಗೆ ಒಂದು ಅಕ್ಷರ ಬೇಡ."

ಮೇಡಂ ಬಂಡೆಯ ಮೇಲೆಯೇ ಕುರ್ಚಿ ಹಾಕಿಸಿ ಕೂತರು. ಮಾಸ್ತರು ಹಿಂದಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಭಾಷಣ ಮಾಡಿದರು. ಇನಾಸ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೆಂಡತಿ ಹೋದ ಮೇಲೆ ಮನೆಯಲ್ಲಿ ಕೂರೋಕೆ ಆಗೋದಿಲ್ಲ ಮೇಡಂ. ಬಂದವರೆಲ್ಲ ಮಾತಾಡಿಸ್ತಾರೆ. ಇಲ್ಲಿ ಯಾರೂ ಮಾತಾಡಿಸೋದಿಲ್ಲ. ಅಷ್ಟೇ ನನ್ನ ಅಹವಾಲು."

ಮೇಡಂ ಬರೆದುಕೊಂಡು ಪುರ್ಸುವಿನ ಕಡೆ ತಿರುಗಿದರು. "ನೀವು ಎಷ್ಟು ವರ್ಷದಿಂದ ಇಲ್ಲಿ ಗಾಳ ಹಾಕ್ತೀರಿ?"

"ಹತ್ತೊಂಬತ್ತು."

"ಇಷ್ಟು ವರ್ಷದಲ್ಲಿ ಎಷ್ಟು ಮೀನು ಹಿಡಿದಿದ್ದೀರಿ?"

"ಒಂದೂ ಇಲ್ಲ."

ಮೇಡಂ ಪೆನ್ನು ಎತ್ತಿದರು. "ಒಂದೂ ಇಲ್ಲವಾ? ಯಾಕೆ?"

"ಎಳೆದಿಲ್ಲ."

"ಯಾಕೆ ಎಳೆದಿಲ್ಲ?"

"ಗಾಳ ಹಾಕಿ ಕೂತ್ಕೋ ಅಂತ ಅಪ್ಪ ಹೇಳಿದ್ದ. ಎಳಿ ಅಂತ ಹೇಳೋದರೊಳಗೆ ಸತ್ತುಹೋದ."

"ಹಾಗಾದರೆ ಸಂಜೆ ಗಾಳ ಮೇಲೆ ಬರೋದು ಹೇಗೆ?"

"ಇನಾಸಣ್ಣ ಎಳೀತಾನೆ."

"ಅದರಲ್ಲಿ ಮೀನಿದ್ದರೆ?"

"ಅದನ್ನ ಇನಾಸಣ್ಣನ್ನೇ ಕೇಳಬೇಕು. ನೀವು ಕೇಳಿದ್ದು ನಾನು ಹಿಡಿದದ್ದು."

ಇನಾಸ ಟೊಪ್ಪಿಗೆಯನ್ನು ಮತ್ತೆ ತಲೆಗೆ ಹಾಕಿ, ಕಣ್ಣಿನವರೆಗೆ ಎಳೆದುಕೊಂಡ. ಹತ್ತೊಂಬತ್ತು ವರ್ಷ ಇನಾಸನ ಮನೆಯಲ್ಲಿ ಭಾನುವಾರ ಎರಡು ಪಾಲು ಮೀನುಸಾರು ಯಾಕಿರುತ್ತಿತ್ತು ಎಂದು ಮಾಸ್ತರಿಗೆ ಅಂದು ಗೊತ್ತಾಯಿತು.

ಮೇಡಂಗೆ ನಗು ತಡೆಯಲಾಗಲಿಲ್ಲ. ಕೊನೆಗೆ ತೀರ್ಮಾನ ಹೇಳಿದರು: ವಲಯದೊಳಗೆ ಬಲೆ ಪೂರ್ತಿ ಬಂದ್. ಭಾನುವಾರ ಬಂಡೆಯ ಮೇಲೆ ಕೂತು ಗಾಳ ಹಾಕುವವರಿಗೆ ಅಡ್ಡಿಯಿಲ್ಲ, ಆದರೆ ಸಿಕ್ಕಿದ್ದನ್ನು ಮನೆಗೆ ಒಯ್ಯುವಂತಿಲ್ಲ. ಆಮೇಲೆ ಪುರ್ಸುವನ್ನೇ ನೋಡಿ ಬಿಡಿಸಿ ಹೇಳಿದರು: "ನೀವು ಇನ್ನು ಮೇಲೆ ಎಳೀಬೇಕು. ಎಳೆದು ನೋಡಿ, ಜೀವ ಇದ್ದರೆ ತಕ್ಷಣ ಮತ್ತೆ ನೀರಿಗೆ ಬಿಡಬೇಕು. ತಿಳೀತಾ?"

"ತಿಳೀತು."

ಬಂಡೆ ಉಳಿಯಿತು. ಮಾಸ್ತರು ಸಂತೋಷಕ್ಕೆ ಕುರ್ಚಿಯನ್ನು ತಾವೇ ಮಡಚಿದರು. ಮೇಡಂ ಡ್ರಮ್ಮು ಸರಿಯಾಗಿವೆಯಾ ನೋಡೋಣ ಎಂದು ಬಂಡೆಯ ತುದಿಗೆ ಹೋದರು. ಅಲ್ಲಿ ಪಾಚಿ. ಕಾಲು ಜಾರಿತು, ದೊಪ್ಪನೆ ನೀರಿಗೆ ಬಿದ್ದರು.

"ಪುರ್ಸು, ಎಳಿಯೋ" ಅಂದರು ಮಾಸ್ತರು.

ಪುರ್ಸು ಕೋಲು ಚಾಚಿದ. ಮೇಡಂ ಹಿಡಿದುಕೊಂಡರು. ಹತ್ತೊಂಬತ್ತು ವರ್ಷ ಎಳೆಯದೆ ಉಳಿದ ಬಲವೆಲ್ಲ ಹಾಕಿ ಎಳೆದ. ಬಂಡೆಯ ಮೇಲೆ ಮಲಗಿಸಿ, ಬಗ್ಗಿ ನೋಡಿದ. ಮೇಡಂ ಕೆಮ್ಮಿದರು. ಜೀವ ಇತ್ತು. ಎರಡೂ ಕೈಯಲ್ಲಿ ಮೆತ್ತಗೆ ಎತ್ತಿ, ನೋವಾಗದ ಹಾಗೆ, ಮತ್ತೆ ನೀರಿಗೆ ಬಿಟ್ಟ.

"ಏನು ಮಾಡಿದೆಯೋ" ಅಂದರು ಮಾಸ್ತರು. "ಎಳಿ, ಎಳಿ."

ಎಳೆದ. ನೋಡಿದ. ಈ ಸಲ ಮೇಡಂ ಬೈದರು ಕೂಡ. ಜೀವ ಇನ್ನೂ ಚೆನ್ನಾಗಿಯೇ ಇತ್ತು. ಮತ್ತೆ ಬಿಟ್ಟ. ಮೂರನೆಯ ಸಲ ಇನಾಸ ಪುರ್ಸುವಿನ ಸೊಂಟ ತಬ್ಬಿ ಹಿಡಿದುಕೊಂಡ, ಮಾಸ್ತರು ಮೇಡಂ ಅವರನ್ನು ದಡಕ್ಕೆ ನಡೆಸಿದರು. ಹಲ್ಲು ಕಟಕಟ ಅನ್ನುತ್ತಿದ್ದರೂ ಮೇಡಂ ನ್ಯಾಯಸ್ಥರು. "ಅವರನ್ನ ಬೈಬೇಡಿ" ಅಂದರು. "ಹಾಗೆ ಹೇಳಿದ್ದು ನಾನೇ."

ಬುದ್ವಂತಿ ಮಾತ್ರ ಬೈದಳು. "ಸರಕಾರದವರನ್ನ ನೀರಿಗೆ ಹಾಕ್ತಾರನಾ? ಕೇಳು ಇಲ್ಲಿ. ಸರಕಾರದವರು ನೀರಲ್ಲಿದ್ದದ್ದು ಕಂಡರೆ ಮರ್ಯಾದೆಯಿಂದ ಮೇಲೆತ್ತಬೇಕು. ಮನೆಗೆ ಕರ್ಕೊಂಡು ಬರಬೇಕು. ಮೈ ಒರೆಸಿ, ನೆರಳಲ್ಲಿ ಚಾಪೆ ಹಾಸಿ ಕೂರಿಸಿ, ಬೆಲ್ಲ ನೀರು ಕೊಡಬೇಕು."

"ಒಬ್ಬರಿಗಿಂತ ಹೆಚ್ಚಿದ್ದರೆ?"

"ಎಷ್ಟು ಜನ ಇದ್ದರೂ."

"ಆಯ್ತು ಅಮ್ಮಾ, ಇನ್ನು ಹಾಗೇ ಮಾಡ್ತೆ."

ಮರುದಿನ ಬುದ್ವಂತಿ ಒಣಮೀನಿನ ಬುಟ್ಟಿ ಹೊತ್ತು ಸಂತೆಗೆ ಹೋದಳು. ಪುರ್ಸು ಬಂಡೆಯ ಮೇಲೆ ಹೋಗಿ ನೀರು ನೋಡಿದ. ಡ್ರಮ್ಮುಗಳು ತಲೆ ಅಲ್ಲಾಡಿಸುತ್ತಿದ್ದವು. ಕಾವಲಿನವನನ್ನು ಕೇಳಿದ, "ಅವು ಯಾರದ್ದು?"

"ಸರಕಾರದ್ದು" ಅಂದ ಕಾವಲಿನವನು, ಆಮೇಲೆ ಚಹಾ ಕುಡಿಯಲು ಹೋದ.

ಬುದ್ವಂತಿ ಮಧ್ಯಾಹ್ನ ಮನೆಗೆ ಬಂದು ಅಂಗಳದಲ್ಲೇ ನಿಂತಳು. ಮಾವಿನ ಮರದ ನೆರಳಿಗೆ ಚಾಪೆ ಹಾಸಿತ್ತು. ಚಾಪೆಯ ಮೇಲೆ ನಾಲ್ಕು ಹಳದಿ ಡ್ರಮ್ಮುಗಳು ಸಾಲಾಗಿ ಕೂತಿದ್ದವು. ಅವಳ ಮದುವೆಯ ಸೀರೆಯಲ್ಲಿ ಮೈ ಒರೆಸಿದ್ದ. ಒಂದೊಂದರ ಮುಂದೆ ಒಂದೊಂದು ಲೋಟ ನೀರು, ಒಂದೊಂದು ಅಚ್ಚು ಬೆಲ್ಲ. ಪುರ್ಸು ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದ.

"ನಾಲ್ಕು ಜನ ಇದ್ದರು ಅಮ್ಮಾ, ಈಜಿ ಹೋಗಿ ಒಬ್ಬೊಬ್ಬರನ್ನೇ ಕರ್ಕೊಂಡು ಬಂದೆ. ಯಾವಾಗಿಂದ ನೀರಲ್ಲಿದ್ದರೋ ಪಾಪ, ಕಾಲಿಗೆ ಬೇರೆ ಕಲ್ಲು ಕಟ್ಟಿದ್ದರು. ಎಷ್ಟು ಹೇಳಿದರೂ ಬೆಲ್ಲ ಮುಟ್ಟೋದಿಲ್ಲ."

ಬುದ್ವಂತಿ ಬುಟ್ಟಿ ಕೆಳಗಿಟ್ಟು, ಮೊದಲ ಡ್ರಮ್ಮಿನ ಪಕ್ಕ ಕೂತಳು. ಅದರ ಮುಂದಿದ್ದ ನೀರು ತಾನೇ ಕುಡಿದಳು. ಗಡಿ ಅಂಗಳದಲ್ಲಿ ಇದ್ದರೆ ಸಮುದ್ರದಲ್ಲಿ ಬಲೆ ಬೀಳುತ್ತದೆ. ಬಲೆ ಬಿದ್ದರೆ ಬಂಡೆ ಮತ್ತೆ ಬಂದ್. ಈ ಸಲ ಒಂದೊಂದು ಮಾತನ್ನೂ ತೂಗಿ ಆಡಬೇಕು. ಬಹಳ ಹೊತ್ತು ಯೋಚಿಸಿದಳು. ಇಷ್ಟೇ ಹೇಳಿದಳು:

"ಇವರನ್ನ ಎಲ್ಲಿಂದ ಕರ್ಕೊಂಡು ಬಂದೆಯೋ ಅಲ್ಲಿಗೇ ಕಳಿಸು ಮಗಾ. ಒಳ್ಳೆ ಮಾತಲ್ಲಿ, ಈಗಲೇ ಕಳಿಸು."

ಇದರಲ್ಲಿ ತಪ್ಪಲು ಏನೂ ಉಳಿದಿಲ್ಲ ಎಂದುಕೊಂಡು, ಅವಳು ಒಳಗೆ ಹೋಗಿ ಚಾಪೆ ಇಲ್ಲದೆಯೇ ಮಲಗಿದಳು. ಕಣ್ಣು ಹತ್ತಿತು.

ಎಚ್ಚರಾದದ್ದು ಜೀಪಿನ ಸದ್ದಿಗೆ. ಹೊರಗೆ ಬಂದು ನೋಡಿದರೆ, ಮೃಣಾಲಿನಿ ಮೇಡಂ ಬೇಲಿಯ ಹತ್ತಿರ ನಿಂತಿದ್ದರು, ಹಿಂದೆ ಕಾವಲಿನವನು ತಲೆ ತಗ್ಗಿಸಿ ನಿಂತಿದ್ದ. ಡ್ರಮ್ಮುಗಳು ಚಾಪೆಯ ಮೇಲೆ ಇದ್ದ ಹಾಗೇ ಇದ್ದವು. ಪುರ್ಸು ಅಂಗಳದ ದಣಪೆ ತೆರೆದು ಹಿಡಿದು, ಇನ್ನೊಂದು ಕೈಯನ್ನು ಸಮುದ್ರದ ಕಡೆಗೆ ಚಾಚಿ, ಬೆವರು ಸುರಿಸುತ್ತಾ ನಿಂತಿದ್ದ.

"ಏನು ನಡೀತಾ ಇದೆ ಇಲ್ಲಿ?" ಅಂದರು ಮೇಡಂ.

"ಸ್ವಲ್ಪ ಸರೀರಿ ಮೇಡಂ, ದಾರಿ ಬಿಡಿ" ಅಂದ ಪುರ್ಸು. "ಹೋಗಿ ಬನ್ನಿ ಅಂತ ಹೇಳಿ ಆಗಿದೆ. ಇನ್ನೇನು, ಏಳ್ತಾರೆ."