ಅಡ್ಜಸ್ಟ್ ಇಲ್ಲದ ಮದುವೆ

ಪಟ್ಟಾಭಿರಾಯರು ಗಂಡಿನ ತಂದೆ. ಅಷ್ಟು ಹೇಳಿದರೆ ಉಳಿದದ್ದು ನಿಮಗೇ ತಿಳಿಯುತ್ತದೆ. ವರಪೂಜೆಯ ಸಂಜೆ ಛತ್ರದ ಅಡುಗೆಮನೆಗೇ ಬಂದು ನಿಂತರು.

"ನಾಳೆ ಯಾರಾದರೂ 'ಅಡ್ಜಸ್ಟ್ ಮಾಡ್ಕೊಳ್ಳಿ' ಅಂದರೆ ನಾವು ಊಟಕ್ಕೆ ಕೂರೋದಿಲ್ಲ."

ಅಲ್ಲೇ ಇದ್ದ ಹೆಣ್ಣಿನ ತಂದೆಯ ಮುಖ ಬಿಳಿಚಿಕೊಂಡಿತು. ಅಡುಗೆ ಭಟ್ಟ ಸೌಟು ಕೆಳಗಿಟ್ಟು ಹೇಳಿದ:

"ಆಗಲಿ ರಾಯರೇ. ಎರಡೂ ಕಡೆಯವರು ಆ ಮಾತು ಆಡೋದು ಬೇಡ. ಆಡಿದವರಿಗೆ ಕೊನೇ ಪಂಕ್ತಿ."

"ಅದೇನು ಮಹಾ," ಅಂದರು ರಾಯರು.

ಬೆಳಿಗ್ಗೆ ಅವರ ಕಡೆಯವರು ಹೇಳಿದ್ದಕ್ಕಿಂತ ಒಂದು ಬಸ್ಸು ಹೆಚ್ಚಾಗಿ ಬಂದಿಳಿದರು. ರಾಯರು ಬೀಗರ ಹತ್ತಿರ ಹೋಗಿ "ಸ್ವಲ್ಪ..." ಅಂದು ನಿಂತರು. ಜಾಗ ಕೊಡಿ ಎಂದರೆ ಬೇಡಿದಂತೆ, ತಪ್ಪಾಯಿತು ಎಂದರೆ ಸೋತಂತೆ. ಗಂಡಿನ ಕಡೆಯ ಪುರೋಹಿತರು ತಡವಾಗಿ ಬಂದಾಗಲೂ "ಸ್ವಲ್ಪ..." ಅಷ್ಟೇ. ವರನ ಸೋದರಮಾವ ಕಾಫಿ ತಣ್ಣಗಿತ್ತೆಂದು ಮುನಿಸಿಕೊಂಡಾಗ, ಸಮಾಧಾನ ಮಾಡಲು ಹೋದ ರಾಯರ ನಾಲಿಗೆ ಅಲ್ಲೂ ತಡವರಿಸಿತು.

ರಾಯರು ಬೆರಗಾಗಿ ಕಂಬಕ್ಕೊರಗಿದರು. ಜಾಗ, ಹೊತ್ತು, ಸಿಟ್ಟು, ಕ್ಷಮೆ, ಇಷ್ಟನ್ನೂ ಒಂದು ಪುಟ್ಟ ಇಂಗ್ಲಿಷ್ ಮಾತು ಇಷ್ಟು ವರ್ಷ ಸದ್ದಿಲ್ಲದೆ ಹೊತ್ತುಕೊಂಡು ಓಡಾಡುತ್ತಿತ್ತಲ್ಲ. ಅದಿಲ್ಲದೆ ಒಂದು ಮದುವೆಯೂ ನಡೆಯದು.

ಮಧ್ಯಾಹ್ನ ಅವರೇ ಅಡುಗೆಮನೆಗೆ ಬಂದರು. "ಭಟ್ಟರೇ, ಒಂದು ಬಸ್ಸು ಜನ ಹೆಚ್ಚಾಗಿದ್ದಾರೆ. ಅಡ್ಜಸ್ಟ್ ಮಾಡ್ಕೊಳ್ಳಿ."

"ಅವರಿಗೂ ಸೇರಿಸಿಯೇ ಬೇಯಿಸಿದ್ದೇನೆ ರಾಯರೇ. ಗಂಡಿನ ಕಡೆಯವರು ಯಾವತ್ತು ಲೆಕ್ಕದಷ್ಟೇ ಬಂದಿದ್ದಾರೆ?"

ಆಡಿದ ಮಾತಿನಂತೆ ರಾಯರು ಕೊನೇ ಪಂಕ್ತಿಗೆ ಬಂದರು. ಎಲ್ಲಾ ಎಲೆಗಳ ಮುಂದೂ ಜನ ಕೂತಾಗಿತ್ತು. ಹೆಣ್ಣಿನ ತಂದೆ ಆ ಮಾತು ಆಡದೆಯೇ ತಮ್ಮ ಎಲೆಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು.