ಬಳೆಗಾರ್ತಿ ಬಿಡದ ಕೈ

ಶಿಷ್ಯ ಕೇಳಿದ: "ಗುರುಗಳೇ, ಯಾರೋ ಒಂದು ಮಗುವನ್ನು ಕರೆದುಕೊಂಡು ಹೋಗುತ್ತಿರುತ್ತಾರೆ. ಏನೋ ಸರಿಯಿಲ್ಲ ಅನ್ನಿಸುತ್ತದೆ, ಆದರೆ ಖಾತ್ರಿಯಿಲ್ಲ. ಖಾತ್ರಿಯಿಲ್ಲದೆ ಒಬ್ಬರ ಮೇಲೆ ಅನುಮಾನ ಪಡುವುದು ತಪ್ಪಲ್ಲವೇ?"

ಗುರುಗಳು, "ಕೂತುಕೋಪ್ಪ, ಹೇಳುತ್ತೇನೆ," ಎಂದು ಕತೆ ತೆಗೆದರು.

ಒಂದು ಸಂತೆಯಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಒಂದು ಮಧ್ಯಾಹ್ನ ಯಾರೋ ಹೆಂಗಸು ಎಂಟೊಂಬತ್ತು ವರ್ಷದ ಹುಡುಗಿಯನ್ನು ತಂದು ಅವಳೆದುರು ಕೂರಿಸಿದಳು.

"ನಾನು ಇವಳ ಚಿಕ್ಕಮ್ಮ. ಹಬ್ಬಕ್ಕೆ ಹೊರಟಿದ್ದೇವೆ. ಬಳೆ ತೊಡಿಸು. ಬೇಗ, ಗಾಡಿ ಕಾಯುತ್ತಿದೆ."

ಬಳೆಗಾರ್ತಿ ಹುಡುಗಿಯ ಕೈ ಹಿಡಿದಳು. ಸಾವಿರ ಕೈ ಹಿಡಿದವಳು ಅವಳು. ಬಳೆ ಅಂದರೆ ಮಕ್ಕಳ ಕೈ ತಾನಾಗಿ ಮೆತ್ತಗಾಗುತ್ತದೆ. ಈ ಕೈ ಮುಷ್ಟಿ ಬಿಚ್ಚಲಿಲ್ಲ, ತಣ್ಣಗಿತ್ತು. ಒತ್ತಿ ಏರಿಸುವಾಗ ಬಳೆ ಒಡೆಯಿತು.

ಎಳೆಯ ಕೈಯಲ್ಲಿ ಬಳೆ ಒಡೆದರೆ ಮನೆಯವರು ಮೊದಲು ಏನು ಮಾಡುತ್ತಾರೆ? ಅಯ್ಯೋ ಅಂದು ರಕ್ತ ಬಂತೇನೋ ಎಂದು ನೋಡುತ್ತಾರೆ. ಈ ಹೆಂಗಸು ಗಾಡಿಯ ಕಡೆ ನೋಡಿದಳು.

ಬಳೆಗಾರ್ತಿಗೆ ಅನುಮಾನ ಬಂತು. ಕೇಳಿಬಿಡೋಣವೆಂದರೆ ನಾಲಿಗೆ ಏಳಲಿಲ್ಲ. ನಿಜವಾದ ಚಿಕ್ಕಮ್ಮನೇ ಆಗಿದ್ದರೆ? ಅವಳು ಎರಡನೆಯ ಬಳೆ ಎತ್ತಿಕೊಂಡಳು. ಚೂರು ಮಗುವಿಗೆ ತಾಗದಂತೆ ತನ್ನ ಅಂಗೈಯೊಳಗೇ ಅದುಮಿ ಒಡೆದಳು. ಮೂರನೆಯದನ್ನೂ ಹಾಗೇ ಮಾಡಿದಳು. ಹೊತ್ತು ಕಳೆಯಲಿ, ಯಾರಾದರೂ ಬರಲಿ ಎಂದೇ ಅವಳ ಆಸೆ. ಹುಡುಗಿ ಮುಷ್ಟಿ ಬಿಚ್ಚಿ ಅವಳ ಒಂದು ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಗಾಡಿಯಲ್ಲಿ ಕೂತಿದ್ದ ಗಂಡಸು ಇಳಿದು ಬಂದ. ಬಳೆಗಾರ್ತಿಯ ಹಿಂದೆ ಬಗ್ಗಿ ಮೆಲ್ಲಗೆ ಹೇಳಿದ: "ಕೈ ಬಿಡು. ಹೋದ ಸಂತೆಯಲ್ಲಿ ನಿನ್ನ ಮಗಳನ್ನೂ ನೋಡಿದ್ದೇನೆ."

ನಾಲ್ಕನೆಯ ಬಳೆಯನ್ನು ಅವಳು ಒಡೆಯಲಿಲ್ಲ, ಭಯಕ್ಕೆ ಹಿಡಿತ ಬಿಗಿದು ಅದೇ ಒಡೆಯಿತು. ಆದರೆ ಹುಡುಗಿಯ ಕೈಯನ್ನು ಮಾತ್ರ ಬಿಡಲಿಲ್ಲ.

ಪಕ್ಕದಲ್ಲಿ ಮಡಕೆ ಮಾರುತ್ತಿದ್ದವಳು ನಕ್ಕಳು. "ಏನೇ ಇದು, ಕಣ್ಣು ಮನೆಯಲ್ಲಿ ಬಿಟ್ಟು ಬಂದೆಯಾ? ಹಬ್ಬಕ್ಕೆ ಹೊರಟ ಮಗುವಿನ ಕೈಯಲ್ಲಿ ನಾಲ್ಕು ಬಳೆ ಒಡೆದೆಯಲ್ಲೇ!" ಎನ್ನುತ್ತ ಎದ್ದು ಬಂದಳು. ಬಂದವಳು ಬಳೆಗಾರ್ತಿಯ ಮುಖ ನೋಡಿದಳು. ನಗು ನಿಂತಿತು. ಅವಳ ಹಿಂದೆ ಇನ್ನೂ ನಾಲ್ವರು ಹೆಂಗಸರು ಬಂದು ಸುತ್ತುವರಿದರು.

"ಮಗುವಿನ ಹೆಸರೇನಮ್ಮ?" ಮಡಕೆಯವಳು ಕೇಳಿದಳು.

"ಗೌರಿ," ಎಂದಳು ಆ ಹೆಂಗಸು.

ಹುಡುಗಿ ಆಗ ಮೊದಲ ಸಲ ಬಾಯಿ ಬಿಟ್ಟಳು. "ಅಲ್ಲ. ನಾನು ತಿಪ್ಪಕ್ಕ. ಗಾಡಿಯಲ್ಲಿ ಇನ್ನೂ ಇಬ್ಬರಿದ್ದಾರೆ."

ಗಂಡಸು ಓಡಿಹೋಗಿ ಗಾಡಿ ಹೊಡೆದ. ಸಂತೆಯ ಜನ ಬೆನ್ನಟ್ಟಿ ಅಡ್ಡಗಟ್ಟಿದರು. ಗಾಡಿಯಲ್ಲಿದ್ದ ಹುಲ್ಲು ಸರಿಸಿದಾಗ ಅಡಿಯಲ್ಲಿ ಎರಡು ಮಕ್ಕಳಿದ್ದವು. ಎರಡರ ಬಾಯಿಗೂ ಬಟ್ಟೆ ಕಟ್ಟಿತ್ತು. ಬಿಚ್ಚಿದ ಮೇಲೂ ಬಹಳ ಹೊತ್ತು ಅವು ಅಳಲಿಲ್ಲ. ಅಳಬಹುದು ಎಂದು ಅವಕ್ಕೆ ಯಾರಾದರೂ ಹೇಳಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

"ಅವಳ ಅನುಮಾನ ನಿಜವಾಯಿತು, ಸರಿ. ಆ ಹೆಂಗಸು ನಿಜವಾಗಿಯೂ ಚಿಕ್ಕಮ್ಮನೇ ಆಗಿದ್ದರೆ, ಗುರುಗಳೇ?"

"ಆಗಿದ್ದರೆ ನಾಲ್ಕು ಬಳೆ ದಂಡವಾಗುತ್ತಿದ್ದವು, ಅಷ್ಟೆ."