ಲಾಡ್ಲೆಸಾಬನ ಬೆನ್ನು ಮತ್ತು ಊರಿನ ಹೆಸರು

"ಯಸ್ರಿಬ್ ಮದೀನಾ ಆಯಿತಂತೆ! ಹಾಗಿದ್ದ ಮೇಲೆ ನಮ್ಮ ಹುಣಸಿಹಾಳ ದಿಲಾವರಾಬಾದ್ ಯಾಕೆ ಆಗಬಾರದು?" ಎಂದು ನವಾಬ ದಿಲಾವರ ಖಾನರು ಗದ್ದುಗೆಯ ದಿಂಬಿಗೆ ಗುದ್ದಿ ಕೇಳಿದರು.

ಇಡೀ ದರಬಾರು ಮುನ್ಷಿ ಲಾಡ್ಲೆಸಾಬನನ್ನು ದುರುಗುಟ್ಟಿ ನೋಡಿತು. ನೋಡದೆ ಇನ್ನೇನು? ಕಡ್ಡಿ ಗೀರಿದವನೇ ಅವನು. ಹಿಂದಿನ ದಿನ ಯಾರೂ ಕೇಳದಿದ್ದರೂ ತನ್ನ ಪಾಂಡಿತ್ಯ ತೋರಿಸಲು ಹೊರಟಿದ್ದ. "ಹುಜೂರ್, ಮದೀನಾದ ಮೊದಲಿನ ಹೆಸರು ಯಸ್ರಿಬ್. ಪೈಗಂಬರರು ಮಕ್ಕಾದಿಂದ ಬಂದು ಅಲ್ಲಿ ನೆಲೆಸಿದ ಮೇಲೆ ಅದು ಮದೀನತುನ್ನಬಿ, ಅಂದರೆ ನಬಿಯವರ ಊರು ಆಯಿತು. ಬರಬರುತ್ತಾ ಬರೀ ಮದೀನಾ. ಪ್ರೀತಿಯಿಂದ ತೈಬಾ ಅನ್ನುವವರೂ ಇದ್ದಾರೆ" ಎಂದು ಗಡ್ಡ ನೀವಿಕೊಂಡಿದ್ದ. ಆ ಗಡ್ಡ ನೀವಿಕೊಂಡ ಕೈಯನ್ನು ಈಗ ಕಚ್ಚಿಕೊಳ್ಳುವ ಹಾಗಾಗಿತ್ತು.

"ತೌಬಾ ತೌಬಾ! ಅವರೆಲ್ಲಿ, ನಾವೆಲ್ಲಿ ಹುಜೂರ್!" ಅನ್ನಬೇಕಿತ್ತು ಅವನು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ನವಾಬರ ಮೀಸೆ ಕಂಡದ್ದೇ ಬಾಯಿಂದ ಹೊರಬಿದ್ದದ್ದು, "ವಾಹ್! ಫರ್ಮಾನು ನಾನೇ ಬರೆಯುತ್ತೇನೆ!"

ಬರೆದ, ಎಂಥ ಫರ್ಮಾನು ಅಂತೀರಿ! ಹಳೆಯ ಹೆಸರು ಎತ್ತಿದವರಿಗೆ ಹತ್ತು ಛಡಿ ಏಟು. ಅಗಸೆ ಬಾಗಿಲಿಗೆ ಬಂದವರು ಹೊಸ ಹೆಸರು ಹೇಳದಿದ್ದರೆ ಒಳಗೆ ಪ್ರವೇಶವಿಲ್ಲ. ಕೊನೆಗೆ ಅಂದ ಹೆಚ್ಚಲಿ ಅಂತ ಇನ್ನೊಂದು ಸಾಲು ಸೇರಿಸಿದ: 'ಖುದ್ದು ನವಾಬರ ಮನೆಯವರಾದರೂ ಬಿಡತಕ್ಕದ್ದಲ್ಲ.' ನವಾಬರು ಓದಿಸಿ ಕೇಳಿ ಹಿಗ್ಗಿ ಮುದ್ರೆ ಒತ್ತಿದರು.

ಮೂರನೆಯ ದಿನ ನವಾಬರು ಕೇಳಿದರು, "ಏನು ಮುನ್ಷೀ, ಹೊಸ ಹೆಸರು ಜನರಿಗೆ ಹಿಡಿಸಿತೋ?"

ಲಾಡ್ಲೆಸಾಬ ಎದೆಯುಬ್ಬಿಸಿ ಹೇಳಿದ, "ಹಿಡಿಸದೆ ಏನು ಹುಜೂರ್! ಇಡೀ ಹುಣಸಿಹಾಳವೇ ಕುಣಿದಾಡುತ್ತಿದೆ!"

ಯಾರೋ ಹಿಂದಿನಿಂದ ಕಿಸಕ್ಕೆಂದರು.

ಹತ್ತು ಏಟು, ಶುಕ್ರವಾರದ ನಮಾಜಾದ ಮೇಲೆ, ಚೌಕದಲ್ಲಿ. ಇದು ನವಾಬರ ಅಪ್ಪಣೆ. ಮನೆಗೆ ಬಂದ ಲಾಡ್ಲೆಸಾಬ ಹೆಂಡತಿ ಮದಾರಬಿಯ ಮುಂದೆ ಗೋಳಾಡಿದ.

"ಊರಿಗೆಲ್ಲ ಬುದ್ಧಿ ಹೇಳುವವರು ನೀವೇ ಅಲ್ಲವಾ? ಸ್ವಲ್ಪ ನಿಮ್ಮ ಬೆನ್ನಿಗೂ ಹೇಳಿ, ತಡೆದುಕೋ ಅಂತ" ಅಂದಳು ಅವಳು, ರೊಟ್ಟಿ ತಟ್ಟುತ್ತಲೇ.

ಅವನ ಬೆನ್ನೋ, ಗುಬ್ಬಿಯ ಬೆನ್ನು. ಎರಡನೆಯ ಏಟಿಗೇ ಪ್ರಾಣ ಹಾರೀತು ಅನ್ನಿಸಿ ಊಟ ಸೇರಲಿಲ್ಲ. ಯೋಚಿಸಿದ. ಹಜ್‌ಗೆ ಹೋಗಿ ಒಂದು ವರ್ಷವಾಗಿದ್ದ ನವಾಬರ ತಾಯಿ ಅಮ್ಮಾಜಾನರು ಗುರುವಾರ ವಾಪಸು ಬರುವವರಿದ್ದರು. ಅದು ನೆನಪಾದದ್ದೇ ಎದ್ದು ಎರಡು ರೊಟ್ಟಿ ತಿಂದ.

ಬೆಳಿಗ್ಗೆ ನವಾಬರ ಕಾಲಿಗೆ ಬಿದ್ದ. "ಹುಜೂರ್, ಏಟು ತಿನ್ನುತ್ತೇನೆ. ಅಲ್ಲಿಯವರೆಗೆ ಅಗಸೆ ಬಾಗಿಲು ಕಾಯುವ ಕೆಲಸ ಕೊಡಿ. ನನ್ನಂಥ ಪಾಪಿಗಳನ್ನು ಹಿಡಿದಾದರೂ ಪುಣ್ಯ ಕಟ್ಟಿಕೊಳ್ಳುತ್ತೇನೆ."

ಗುರುವಾರ ಮಟಮಟ ಮಧ್ಯಾಹ್ನ ಅಮ್ಮಾಜಾನರ ಮೇಣೆ ಬಂತು. ಲಾಡ್ಲೆಸಾಬ ಬಗ್ಗಿ ಸಲಾಮು ಮಾಡಿ ಕೇಳಿದ, "ಅಮ್ಮಾಜಾನ್, ಇದು ಯಾವ ಊರು?"

"ಬಿಸಿಲಿಗೆ ತಲೆ ಕೆಟ್ಟಿತೇನೋ ಲಾಡ್ಲೆ? ಹುಣಸಿಹಾಳ!"

ಧಡಾರೆಂದು ಬಾಗಿಲು ಮುಚ್ಚಿತು.

ನವಾಬರು ಒಂದು ಕಾಲಿಗೆ ಜೋಡು ಹಾಕಿಕೊಂಡು, ಇನ್ನೊಂದು ಮರೆತು ಓಡಿಬಂದರು. "ತೆಗೆಯೋ ಬಾಗಿಲು!"

"ಹುಜೂರ್, ನಿಮ್ಮದೇ ಮುದ್ರೆ" ಎಂದು ಲಾಡ್ಲೆಸಾಬ ಫರ್ಮಾನು ಬಿಚ್ಚಿದ. "'ಖುದ್ದು ನವಾಬರ ಮನೆಯವರಾದರೂ...' ಬರೆದ ಕತ್ತೆ ನಾನೇ. ಆ ಸಾಲು ಎಷ್ಟು ಚೆನ್ನಾಗಿ ಬಂದಿದೆ ನೋಡಿ! ನಾಳೆ ಚೌಕದಲ್ಲಿ ನನ್ನ ಪಕ್ಕದಲ್ಲಿ ಅಮ್ಮಾಜಾನರಿಗೂ ಹತ್ತು ಛಡಿ..."

"ಬಾಯಿ ಮುಚ್ಚು!" ಎಂದ ನವಾಬರು ಬಾಗಿಲ ಕಿಂಡಿಯಲ್ಲಿ ಗೋಗರೆದರು, "ಅಮ್ಮಾಜಾನ್, ಯಸ್ರಿಬ್ ಮದೀನಾ ಆದ ಹಾಗೆ ಇದಕ್ಕೂ ಹೊಸ ಹೆಸರಿಟ್ಟಿದ್ದೇನೆ. ಒಂದೇ ಸಲ ದಿಲಾವರಾಬಾದ್ ಅಂದುಬಿಡಿ!"

"ಅನ್ನುವುದಿಲ್ಲ!" ಆಕೆ ಹೊರಗೆ ಧೂಳಿನಲ್ಲೇ ಕೂತರು. "ದಿಲ್ಲೂ, ಮದೀನಾದಲ್ಲಿ ಎಂಟು ದಿನ ಇದ್ದು ಬಂದೆ. ಪೈಗಂಬರರನ್ನು ಆ ಊರು ಕಣ್ಣಿಗೊತ್ತಿಕೊಂಡು ಬರಮಾಡಿಕೊಂಡಿತು. ಅದಕ್ಕೇ ಅದು ಅವರ ಊರಾಯಿತು. ಛಡಿ ಹಿಡಿದು ಕಲಿಸಿದ ಹೆಸರೇನೋ ಅದು? ನಿನ್ನ ಊರಿನ ಬಾಗಿಲಲ್ಲಿ ಹೆತ್ತ ತಾಯಿ ಬಾಯಾರಿ ಕೂತಿದ್ದಾಳೆ. ಒಂದು ಗುಟುಕು ನೀರಿಗೆ ಇಲ್ಲೊಂದು ಬಾವಿಯಿಲ್ಲ. ಹೆಸರು ಬೇಕಂತೆ, ಹೆಸರು!"

ನವಾಬರ ಕಿವಿ ಕೆಂಪಾಯಿತು. ಮುನ್ಷಿಯ ಕೈಯಿಂದ ಫರ್ಮಾನು ಕಸಿದು ಪರಪರನೆ ಹರಿದರು. ಬಾಗಿಲು ತೆರೆಯಿತು. ತಾಯಿಯ ಕಾಲು ಮುಟ್ಟಿ ಎದ್ದವರೇ ಲಾಡ್ಲೆಸಾಬನತ್ತ ತಿರುಗಿದರು.

"ಇದೆಲ್ಲ ನಿನ್ನ ಹಂಚಿಕೆ. ನನ್ನ ಕಣ್ಣು ತೆರೆಸಲು ಮಾಡಿದೆಯಾ?"

"ಅಷ್ಟು ದೊಡ್ಡ ಮನುಷ್ಯ ನಾನಲ್ಲ ಹುಜೂರ್" ಎಂದ ಲಾಡ್ಲೆಸಾಬ, ಬೆನ್ನು ಸವರಿಕೊಳ್ಳುತ್ತಾ. "ಬರೀ ಇದಕ್ಕೋಸ್ಕರ."

ನವಾಬರಿಗೆ ನಗು ತಡೆಯಲಿಲ್ಲ. ಏಟು ಮಾಫಿಯಾಯಿತು. ಅಮ್ಮಾಜಾನರು ಕೂತ ಜಾಗದಲ್ಲೇ ಬಾವಿ ತೋಡಿಸಿದರು. ಸಿಹಿನೀರು ಬಂತು. ಊರಿಗೆ ಊರೇ ಕೊಡ ಹೊತ್ತು ಬಂತು.

ತಿಂಗಳಾದ ಮೇಲೆ ಒಂದು ದಿನ ನವಾಬರು ಮುಖ ಗಂಟಿಕ್ಕಿಕೊಂಡು ದರಬಾರಿಗೆ ಬಂದರು. "ಮುನ್ಷೀ, ತೋಡಿಸಿದವನು ನಾನು. ಜನ ಅದನ್ನು 'ಲಾಡ್ಲೆಸಾಬನ ಬೆನ್ನಿನ ಬಾವಿ' ಅನ್ನುತ್ತಿದ್ದಾರಲ್ಲ!"

"ನನ್ನ ಮಾನ ಹೋಯಿತು ಹುಜೂರ್! ನೀರಿಗೆ ಬಂದವರೆಲ್ಲ ನನ್ನ ಬೆನ್ನು ಇಣುಕಿ ನೋಡಿ ನಗುತ್ತಾರೆ" ಎಂದು ಲಾಡ್ಲೆಸಾಬ ಲೇಖನಿ ಅದ್ದಿದ. "ಹೆಸರು ಬದಲಿಸಿಯೇ ಬಿಡೋಣ. ಆ ಹೆಸರು ಎತ್ತಿದವರಿಗೆ ಹತ್ತು ಏಟು ಅಂತ ಬರೆಯಲೇ?"

"ಬರಿ! ಮೊದಲು ಆ ಹೆಸರಿಟ್ಟವರು ಯಾರು ಅಂತ ಹೇಳು."

"ಅಮ್ಮಾಜಾನ್, ಹುಜೂರ್."

ನವಾಬರು ಹಣೆ ಚಚ್ಚಿಕೊಂಡು ನಕ್ಕರು. "ಲೇಖನಿ ಕೆಳಗಿಡೋ, ಮಾರಾಯ!"